ಮನೆಯ ಪಾಯ ಕುಸಿಯುತ್ತಿದೆಯೇ? ಬಿರುಕು ಓದುವುದರಿಂದ ದುರಸ್ತಿಯವರೆಗೆ

ನಮ್ಮ ಮನೆಯ ಹಿಂಬದಿ ಕೋಣೆಯಲ್ಲಿ ಕಿಟಕಿಯ ಮೇಲ್ಮೂಲೆಯಿಂದ ತಾರಸಿಯ ಕಡೆಗೆ ಓರೆಯಾಗಿ ಏರುವ ಒಂದು ಬಿರುಕಿತ್ತು. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟಾಗ ನಾನೇ ಕರಣೆ ಹಿಡಿದು ಸಿಮೆಂಟು ತುಂಬಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಗೇಣು ಆಚೆ ಹೊಸ ಬಿರುಕು. ಅದಕ್ಕೂ ಸಿಮೆಂಟು ಮೆತ್ತಿದೆ. ಮುಂದಿನ ವರ್ಷ ಮೂರನೆಯದು ಬಂತು. ಸಿಮೆಂಟು ಕಳಪೆ ಎಂದು ಕಂಪನಿ ಬದಲಾಯಿಸಿದೆ, ಬಣ್ಣ ಬದಲಾಯಿಸಿದೆ. ತಪ್ಪು ಸಿಮೆಂಟಿನದಾಗಿರಲಿಲ್ಲ. ಆ ಗೋಡೆ ಬೇಸಿಗೆಯಲ್ಲಿ ತೆರೆದುಕೊಂಡು ಮಳೆಗಾಲದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತೆರೆದಿದ್ದ ಹೊತ್ತಿನಲ್ಲಿ ನಾನು ಕಲ್ಲಿನಂಥ ಸಿಮೆಂಟು ತುರುಕಿದ್ದರಿಂದ ಮುಚ್ಚಿಕೊಳ್ಳಲು ಅದಕ್ಕೆ ಜಾಗವೇ ಉಳಿಯಲಿಲ್ಲ, ಪಕ್ಕದಲ್ಲಿ ಒಡೆಯಿತು.

ಅಂದಿನಿಂದ ನಾನು ಪಾಲಿಸುವುದು ಒಂದೇ ಕ್ರಮ: ಮೊದಲು ಅಳತೆ, ಆಮೇಲೆ ನೀರಿನ ಹುಡುಕಾಟ, ಕಟ್ಟಕಡೆಗೆ ಸಿಮೆಂಟು. ಕೆಳಗಿರುವುದೆಲ್ಲ ಅದೇ ಕ್ರಮದಲ್ಲಿದೆ.

ಪಾಯ ಇಳಿಯುವುದು ತಪ್ಪಲ್ಲ, ಒಂದೇ ಕಡೆ ಇಳಿಯುವುದು ತಪ್ಪು

ಗೋಡೆ, ತಾರಸಿ, ಸಾಮಾನು, ಜನ, ಎಲ್ಲದರ ಭಾರವನ್ನು ಅಗಲವಾಗಿ ಹರಡಿ ಮಣ್ಣಿಗೆ ದಾಟಿಸುವುದು ಪಾಯದ ಕೆಲಸ. ಭಾರ ಬಿದ್ದ ಮೇಲೆ ಯಾವ ಮಣ್ಣಾದರೂ ಒಂದಿಷ್ಟು ಅಮುಕಿಕೊಳ್ಳುತ್ತದೆ. ಮರಳುಮಣ್ಣು ಕಟ್ಟುವಾಗಲೇ ಬಹುಪಾಲು ಇಳಿದು ಮುಗಿಸುತ್ತದೆ. ನೀರು ತುಂಬಿದ ಜೇಡಿಮಣ್ಣು ಹಾಗಲ್ಲ. ಅದರೊಳಗಿನ ನೀರು ಹೊರಗೆ ಹಿಂಡಿ ಹೋಗುವುದಕ್ಕೇ ವರ್ಷಗಳು ಬೇಕು, ಅಲ್ಲಿಯವರೆಗೆ ಮನೆ ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ.

ಇಡೀ ಮನೆ ಒಟ್ಟಿಗೆ 20 ಮಿ.ಮೀ. ಇಳಿದರೆ ಗೋಡೆಗೆ ಏನೂ ಆಗದು, ಹೊರಗಿನಿಂದ ಒಳಬರುವ ಪೈಪುಗಳ ಜಾಯಿಂಟಿಗೆ ಮಾತ್ರ ಸ್ವಲ್ಪ ತೊಂದರೆ. ಒಂದು ಮೂಲೆ ಮಾತ್ರ 20 ಮಿ.ಮೀ. ಇಳಿದು ಉಳಿದದ್ದು ನಿಂತಲ್ಲೇ ನಿಂತರೆ ಗೋಡೆ ಸೀಳಿಕೊಳ್ಳುತ್ತದೆ. ಎಂಜಿನಿಯರುಗಳು ಇದನ್ನು ಅಂತರದ ಲೆಕ್ಕದಲ್ಲಿ ನೋಡುತ್ತಾರೆ. ಎರಡು ಬಿಂದುಗಳ ನಡುವಿನ ದೂರದ 300ನೇ ಒಂದು ಭಾಗದಷ್ಟು ಏರುಪೇರಾದರೆ ಗೋಡೆಯಲ್ಲಿ ಬಿರುಕು ಶುರು, 150ನೇ ಒಂದು ಭಾಗ ತಲುಪಿದರೆ ಕಟ್ಟಡದ ಮೂಳೆಗಳಿಗೇ, ಅಂದರೆ ಕಾಲಂ-ಬೀಮಿಗೇ ಪೆಟ್ಟು. 3 ಮೀಟರ್ ಗೋಡೆಗೆ ಹೇಳುವುದಾದರೆ ಕ್ರಮವಾಗಿ 10 ಮಿ.ಮೀ. ಮತ್ತು 20 ಮಿ.ಮೀ.

ಹಂತ 1: ಬಿರುಕನ್ನು ಓದಿ

ಎಲ್ಲ ಬಿರುಕೂ ಪಾಯದ್ದಲ್ಲ. ನಾನು ಕಂಡ ಮಟ್ಟಿಗೆ ಜನ ಗಾಬರಿಯಾಗುವ ಬಿರುಕುಗಳಲ್ಲಿ ಹೆಚ್ಚಿನವು ಪ್ಲಾಸ್ಟರಿನವು. ಜೇಡರ ಬಲೆಯಂತೆ ಅಥವಾ ಒಣಗಿದ ಕೆರೆಯ ತಳದಂತೆ ಹರಡಿಕೊಂಡ ಕೂದಲೆಳೆಯ ಗೆರೆಗಳು ಪ್ಲಾಸ್ಟರು ಬೇಗ ಒಣಗಿದ್ದರ ಫಲ, ಕ್ಯೂರಿಂಗ್, ಅಂದರೆ ನೀರುಣಿಸುವುದು, ಸಾಲದೆ ಹೋದದ್ದು. ಕಾಲಂ ಮತ್ತು ಇಟ್ಟಿಗೆ ಸೇರುವ ಕಡೆ ಗೆರೆ ಎಳೆದಂತೆ ನೇರವಾಗಿ ಇಳಿಯುವ ಬಿರುಕು ಎರಡು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಅಲ್ಲಿ ಪ್ಲಾಸ್ಟರಿನಡಿ ಜಾಲರಿ ಹಾಕಿದ್ದರೆ ಅದು ಬರುತ್ತಿರಲಿಲ್ಲ.

ತಾರಸಿಯ ಸ್ಲ್ಯಾಬಿನ ಕೆಳಗೇ ಅಡ್ಡಡ್ಡ ಹೋಗುವ ಬಿರುಕು ಬಿಸಿಲಿನದು. 10 ಮೀಟರ್ ಉದ್ದದ ಕಾಂಕ್ರೀಟ್ ಸ್ಲ್ಯಾಬು 30 ಡಿಗ್ರಿ ಬಿಸಿಯಾದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಹಿಗ್ಗದು. ಇದನ್ನು ತೋರಿಸಿ ಪಾಯ ಅಗೆಯಬೇಕು ಎನ್ನುವವರನ್ನು ಬಾಗಿಲಲ್ಲೇ ಬೀಳ್ಕೊಡಿ. ಮನೆಯ ಕೆಳಭಾಗದಲ್ಲಿ ಏನೂ ಇಲ್ಲದೆ ಮೇಲಂತಸ್ತಿನಲ್ಲಿ ಮಾತ್ರ ಬಿರುಕಿದ್ದರೆ ಪಾಯದ ಮೇಲೆ ಅನುಮಾನ ಪಡುವ ಮೊದಲು ತಾರಸಿಯ ಕಡೆ ನೋಡಿ.

ಪಾಯದ ಬಿರುಕಿಗೆ ಅದರದೇ ನಡಿಗೆಯಿದೆ. ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಲ್ಲವೇ ಕಿಟಕಿ-ಬಾಗಿಲ ಮೂಲೆಗಳಿಂದ ಓರೆಯಾಗಿ ಹೊರಡುತ್ತದೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಎರಡು ತುದಿಯಲ್ಲಿ ಅಗಲ ಒಂದೇ ಇರುವುದಿಲ್ಲ, ಮತ್ತು ಆ ವ್ಯತ್ಯಾಸದಲ್ಲೇ ನಿಮಗೆ ಬೇಕಾದ ಉತ್ತರವಿದೆ. ಮೇಲೆ ಅಗಲ, ಕೆಳಗೆ ಸಣ್ಣದು ಎಂದಾದರೆ ಗೋಡೆಯ ತುದಿ ಅಥವಾ ಮೂಲೆ ಇಳಿಯುತ್ತಿದೆ. ಕೆಳಗೆ ಅಗಲ, ಮೇಲೆ ಸಣ್ಣದು ಎಂದಾದರೆ ಗೋಡೆಯ ನಡುಭಾಗ ಕುಸಿಯುತ್ತಿದೆ. ಒಂದು ಬಿಸ್ಕತ್ತನ್ನು ಎರಡು ಕೈಯಲ್ಲಿ ಹಿಡಿದು ತುದಿಗಳನ್ನು ಕೆಳಗೆ ಬಗ್ಗಿಸಿ ನೋಡಿ. ಮೇಲ್ಭಾಗ ಮೊದಲು ತೆರೆದುಕೊಳ್ಳುತ್ತದೆ. ಗೋಡೆಯೂ ಅದೇ.

ಬಿರುಕಿನ ಜೊತೆಗೆ ಬೇರೆ ಸಾಕ್ಷಿಗಳನ್ನೂ ಕೂಡಿಸಿ. ಒಂದೇ ಮೂಲೆಯ ಬಾಗಿಲು ಚೌಕಟ್ಟಿಗೆ ಉಜ್ಜತೊಡಗಿದೆಯೇ? ನೆಲಕ್ಕೂ ಗೋಡೆಯ ಬುಡದ ಸ್ಕರ್ಟಿಂಗಿಗೂ ನಡುವೆ ಸಂದು ಬಿದ್ದಿದೆಯೇ? ಕಿಟಕಿಯ ಗ್ರಿಲ್ಲು ಸೊಟ್ಟಗಾಗಿದೆಯೇ? ಹೊರಗಿನ ಪ್ಲಿಂತಿಗೂ (ನೆಲದಿಂದ ಮೇಲೆ ಕಾಣುವ ಪಾಯದ ಭಾಗ) ಅಂಗಳದ ಸಿಮೆಂಟಿಗೂ ನಡುವೆ ಬಾಯಿ ತೆರೆದಿದೆಯೇ? ಇವುಗಳಲ್ಲಿ ಎರಡು ಮೂರು ಒಂದೇ ಮೂಲೆಯಲ್ಲಿ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಬಾಗಿಲು ಮಾತ್ರ ಬಿಗಿಯಾಗಿದ್ದರೆ ಅದು ಮಳೆಗಾಲದ ತೇವಕ್ಕೆ ಮರ ಉಬ್ಬಿದ್ದೂ ಇರಬಹುದು.

ಗೋಡೆಯ ಬುಡದಲ್ಲಿ ಮೊಣಕಾಲಿನ ಎತ್ತರದವರೆಗೆ ತೇವ, ಬಿಳಿ ಉಪ್ಪು, ಉದುರುವ ಬಣ್ಣ ಕಂಡರೆ ಅದು ಬೇರೆಯೇ ಕಾಯಿಲೆ. ಪಾಯದ ಮೂಲಕ ನೀರು ಗೋಡೆಗೆ ಏರುತ್ತಿದೆ. ತೇವ ತಡೆಯುವ ಪದರ ಇಲ್ಲ, ಇದ್ದರೂ ಒಡೆದಿದೆ, ಅಥವಾ ಹೊರಗಿನ ಮಣ್ಣನ್ನು ಆ ಪದರಕ್ಕಿಂತ ಮೇಲೆ ಪೇರಿಸಿದ್ದೀರಿ. ಮೂರನೆಯ ಕಾರಣವಾದರೆ ಗುದ್ದಲಿ ಸಾಕು. ಮನೆ ಕುಸಿಯುವುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ, ಆದರೆ ಅಲ್ಲಿ ನೀರಿದೆ ಎಂಬ ಸುದ್ದಿಯನ್ನಂತೂ ಕೊಡುತ್ತದೆ.

ಹಂತ 2: ಅಳೆಯಿರಿ, ಬರೆದಿಡಿ

ಅಗಲ ಎಷ್ಟೆಂದು ಕಣ್ಣಂದಾಜಿನಲ್ಲಿ ಹೇಳಬೇಡಿ. ಜೇಬಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅದರ ಅಂಚು ಬಿರುಕಿನೊಳಗೆ ಸಲೀಸಾಗಿ ಇಳಿದರೆ ಬಿರುಕು ಅದಕ್ಕಿಂತ ಅಗಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯೊಂದು ಮಾಡಿದ ವಿಂಗಡಣೆಯನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. 1 ಮಿ.ಮೀ.ವರೆಗಿನದು ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು. 5 ಮಿ.ಮೀ.ವರೆಗೆ ತುಂಬಿ ಸರಿಪಡಿಸಬಹುದು, ಬಾಗಿಲು-ಕಿಟಕಿ ಸ್ವಲ್ಪ ಬಿಗಿಯಾಗಬಹುದು. 5ರಿಂದ 15 ಮಿ.ಮೀ. ಎಂದರೆ ಗಾರೆಯವರು ಗೋಡೆಯ ಭಾಗವನ್ನು ಬಿಚ್ಚಿ ಕಟ್ಟಬೇಕಾಗಬಹುದು, ಪೈಪುಗಳು ಮುರಿದಿರಬಹುದು. 15 ದಾಟಿದರೆ ದೊಡ್ಡ ದುರಸ್ತಿ, 25 ದಾಟಿದರೆ ಗೋಡೆ ನಿಲ್ಲುವುದೇ ಸಂಶಯ.

ಆದರೆ ಇವತ್ತಿನ ಅಗಲಕ್ಕಿಂತ ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಹತ್ತು ವರ್ಷದಿಂದ 4 ಮಿ.ಮೀ.ನಲ್ಲೇ ನಿಂತ ಬಿರುಕು ಹಳೆಯ ಗಾಯದ ಕಲೆ. ಮೂರು ತಿಂಗಳಲ್ಲಿ ಸೊನ್ನೆಯಿಂದ 2ಕ್ಕೆ ಬಂದದ್ದು ಜೀವಂತ ಬಿರುಕು.

ನೋಡುವ ವಿಧಾನ ಸುಲಭ. ಬಿರುಕಿನ ಆಚೆ ಒಂದು, ಈಚೆ ಒಂದರ ಮೇಲೊಂದರಂತೆ ಎರಡು, ಹೀಗೆ ಮೂರು ಸಣ್ಣ ಸ್ಕ್ರೂಗಳನ್ನು ತ್ರಿಕೋನವಾಗಿ ಗೋಡೆಗೆ ಕೂರಿಸಿ. ಪ್ಲಾಸ್ಟರಿಗಲ್ಲ, ಇಟ್ಟಿಗೆಗೆ ನಾಟುವಂತೆ. ಪ್ರತಿ ಸ್ಕ್ರೂವಿನ ತಲೆಯ ನಡುವೆ ಮೊಳೆಯಿಂದ ಒಂದು ಚುಕ್ಕಿ ಗುದ್ದಿ. ವರ್ನಿಯರ್ ಕ್ಯಾಲಿಪರಿನಿಂದ (ಮಿ.ಮೀ.ನ ಭಾಗಗಳನ್ನೂ ಅಳೆಯುವ ಸಾಧನ) ಮೂರೂ ದೂರಗಳನ್ನು ಅಳೆದು ದಿನಾಂಕದೊಡನೆ ಬರೆದುಕೊಳ್ಳಿ. ಎರಡೇ ಸ್ಕ್ರೂ ಇದ್ದರೆ ಬಿರುಕು ತೆರೆದದ್ದು ಮಾತ್ರ ತಿಳಿಯುತ್ತದೆ, ಮೂರಿದ್ದರೆ ಒಂದು ಬದಿ ಕೆಳಗೆ ಜಾರಿದ್ದೂ ತಿಳಿಯುತ್ತದೆ. ತಿಂಗಳಿಗೊಮ್ಮೆ, ದಿನದ ಅದೇ ಹೊತ್ತಿನಲ್ಲಿ ಅಳೆಯಿರಿ. ಬೆಳಗ್ಗೆ ಒಂದು ಸಲ, ಮಧ್ಯಾಹ್ನದ ಬಿಸಿಲಲ್ಲಿ ಮತ್ತೊಂದು ಸಲ ಅಳೆದರೆ ನೀವು ಅಳೆಯುವುದು ಬಿಸಿಲನ್ನು, ಪಾಯವನ್ನಲ್ಲ. ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಅಲ್ಲಿ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯುವುದನ್ನೂ ಮರೆಯಬೇಡಿ. ಮನೆಯವರು ಗೊಣಗುತ್ತಾರೆ, ಗೊಣಗಲಿ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುವ ಹಳೆಯ ಪದ್ಧತಿಯೂ ಇದೆ, ಆದರೆ ಅದು ಒಡೆದರೆ ಚಲಿಸಿದೆ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ.

ಮನೆಯ ಮಟ್ಟ ನೋಡಲು ಗಾರೆಯವರ ನೀರಿನ ಲೆವೆಲ್ ಪೈಪಿಗಿಂತ ಅಗ್ಗದ, ನಂಬಿಗಸ್ತ ಸಾಧನ ಇನ್ನೊಂದಿಲ್ಲ. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಒಂದೇ ಕಡೆ ಹಿಡಿದು ಇನ್ನೊಂದನ್ನು ಪ್ಲಿಂತಿನ ಸುತ್ತ ಒಯ್ಯಿರಿ. ಪ್ರತಿ ಮೂಲೆಯಲ್ಲೂ ಪ್ಲಿಂತಿನ ಅಂಚು ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳಿ. ಒಂದು ಎಚ್ಚರ: ಕಟ್ಟುವಾಗಲೇ ಸೊಟ್ಟಗೆ ಕಟ್ಟಿದ ಮನೆಗಳು ಬೇಕಾದಷ್ಟಿವೆ. ಮೊದಲ ದಿನದ ವ್ಯತ್ಯಾಸ ಕಂಡು ಎದೆ ಒಡೆದುಕೊಳ್ಳಬೇಡಿ, ಆರು ತಿಂಗಳ ನಂತರ ಅದೇ ಅಳತೆ ಬದಲಾಯಿತೇ ನೋಡಿ.

ಕನಿಷ್ಠ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಅಷ್ಟು ಕಾಯಬಾರದ ಸಂದರ್ಭಗಳೂ ಇವೆ: ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಂತೆ ಅಗಲವಾಗುವ ಬಿರುಕು, ಕಾಲಂ ಅಥವಾ ಬೀಮಿನಲ್ಲಿ ಕಾಂಕ್ರೀಟು ಸಿಡಿದು ಕಂಬಿ ಕಾಣುವುದು, ಗೋಡೆ ಹೊರಕ್ಕೆ ವಾಲುವುದು, ರಾತ್ರಿ ಟಪ್ ಟಪ್ ಎಂದು ಒಡೆಯುವ ಸದ್ದು. ಇವುಗಳಲ್ಲಿ ಯಾವುದಾದರೂ ಇದ್ದರೆ ಆ ಭಾಗದಿಂದ ಜನರನ್ನು ಹೊರಗೆ ಕಳುಹಿಸಿ, ಗ್ಯಾಸು-ವಿದ್ಯುತ್ತು ಬಂದ್ ಮಾಡಿ, ಅಂದೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ.

ಹಂತ 3: ನೀರಿನ ದಾರಿ ಹುಡುಕಿ

100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರು. ತಾರಸಿಗೆ ನಾಲ್ಕು ಪೈಪಿದ್ದರೆ ಒಂದೊಂದು ಮೂಲೆಗೆ 250 ಲೀಟರ್. ಮೂರು ಪೈಪು ಎಲೆಕಸದಿಂದ ಕಟ್ಟಿಕೊಂಡಿದ್ದರೆ ಸಾವಿರವೂ ಒಂದೇ ಮೂಲೆಗೆ. ಅದೂ ಒಂದೇ ಮಳೆಗೆ. ಪೈಪಿನ ಬಾಯಿ ಪ್ಲಿಂತಿನ ಬುಡದಲ್ಲೇ ಮುಗಿದಿದ್ದರೆ ಆ ಮೂಲೆಯ ಮಣ್ಣಿನ ಗತಿ ಏನೆಂದು ಲೆಕ್ಕ ಹಾಕಿ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಹಾಕಿ. ಬಿಸಿಲಲ್ಲಿ ಬಂದ ತಜ್ಞರಿಗೆ ಕಾಣದ್ದು ಆ ಹತ್ತು ನಿಮಿಷದಲ್ಲಿ ನಿಮಗೆ ಕಾಣುತ್ತದೆ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಪೈಪಿನ ಜಾಯಿಂಟು ಚಿಮ್ಮುತ್ತದೆ, ಅಂಗಳದ ನೀರು ಗೇಟಿನತ್ತ ಹೋಗುತ್ತದೋ ಗೋಡೆಯತ್ತ ಬರುತ್ತದೋ.

ಕಾಣದ ನೀರಿಗೆ ಬೇರೆ ಪರೀಕ್ಷೆ. ರಾತ್ರಿ ಮಲಗುವಾಗ ಎಲ್ಲ ನಲ್ಲಿ ಬಂದ್ ಮಾಡಿ ಮೀಟರಿನ ಅಂಕಿ ಬರೆದಿಡಿ. ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. ಅಂಕಿ ಓಡಿದ್ದರೆ ನೆಲದಡಿ ಎಲ್ಲೋ ಸೋರಿಕೆ, ಇಲ್ಲವೇ ಟ್ಯಾಂಕು ತುಂಬಿಕೊಂಡಿದೆ. ಹಾಗಾಗಿ ಟ್ಯಾಂಕಿನ ವಾಲ್ವನ್ನೂ ಮುಚ್ಚಿರಬೇಕು. ಸಂಪಿನ ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಪಂಪು ಹಾಕದೆ ಒಂದು ದಿನ ಬಿಡಿ, ಮಟ್ಟ ಇಳಿದರೆ ಸಂಪೇ ಸೋರುತ್ತಿದೆ. ಬಚ್ಚಲಿನ ನೀರು ಹೋಗುವ ಪೈಪಿನ ಮೇಲೆ ಅನುಮಾನವಿದ್ದರೆ ಆಚೆಯ ಚೇಂಬರಿನ ಬಾಯಿ ಬಿಗಿದು, ಈಚೆಯಿಂದ ಬಣ್ಣ ಕಲೆಸಿದ ನೀರು ತುಂಬಿ, ಮಟ್ಟ ಇಳಿಯುತ್ತದೆಯೇ ಕಾಯಿರಿ.

ಮರಳುಮಣ್ಣಿನಲ್ಲಿ ಸೋರಿಕೆ ಇನ್ನೊಂದು ರೀತಿಯಲ್ಲಿ ಕೆಡುಕು. ನೀರಿನ ಜೊತೆ ನುಣ್ಣನೆಯ ಕಣಗಳು ಕೊಚ್ಚಿಹೋಗಿ ನೆಲದಡಿ ಪೊಳ್ಳು ಉಳಿಯುತ್ತದೆ. ನೆಲಹಾಸಿನ ಮೇಲೆ ಕೋಲಿನಿಂದ ತಟ್ಟುತ್ತ ಹೋದರೆ ಒಂದು ಕಡೆ ಸದ್ದು ಮಡಕೆಯಂತೆ ಬದಲಾಗುತ್ತದೆ. ಟೈಲು ಸಡಿಲವಾಗಿದ್ದರೂ ಇದೇ ಸದ್ದು ಬರುತ್ತದೆ, ಆದ್ದರಿಂದ ಒಂದು ಟೈಲು ಎತ್ತಿ ನೋಡಿಯೇ ತೀರ್ಮಾನಿಸಿ.

ಹಂತ 4: ಮಣ್ಣು, ಮರ, ಅಗೆತ

ಎರೆಮಣ್ಣಿನಂಥ ಜೇಡಿಮಣ್ಣು ಒದ್ದೆಯಾದಾಗ ಊದುತ್ತದೆ, ಒಣಗಿದಾಗ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ಹೊಕ್ಕು ಹೊರಡುವುದೇ ಇದಕ್ಕೆ ಕಾರಣ. ಮನೆಯ ಅಡಿಯ ನಡುಭಾಗ ವರ್ಷವಿಡೀ ಒಂದೇ ತೇವದಲ್ಲಿರುತ್ತದೆ, ಅಂಚುಗಳು ಬಿಸಿಲು-ಮಳೆಗೆ ಏರಿಳಿಯುತ್ತವೆ. ಬೇಸಿಗೆಯಲ್ಲಿ ಅಂಚು ತಗ್ಗಿ ಬಿರುಕು ತೆರೆದುಕೊಳ್ಳುವುದು, ಮಳೆಗೆ ಅಂಚು ಉಬ್ಬಿ ಮುಚ್ಚಿಕೊಳ್ಳುವುದು, ಇದೇ ನಮ್ಮ ಮನೆಯ ಕಿಟಕಿಯ ಕತೆ. 1976ರ ಬರಗಾಲದಲ್ಲಿ ಬ್ರಿಟನ್ನಿನಲ್ಲಿ ಜೇಡಿಮಣ್ಣಿನ ಮೇಲೆ ನಿಂತಿದ್ದ ಸಾವಿರಾರು ಮನೆಗಳು ಹೀಗೆಯೇ ಬಿರುಕು ಬಿಟ್ಟವು. ಮಳೆ ಬಾರದೆ ಇರುವುದೂ ಪಾಯವನ್ನು ಅಲುಗಿಸುತ್ತದೆ.

ಪ್ಲಿಂತಿನ ಪಕ್ಕ ಎರಡು-ಮೂರು ಅಡಿ ಆಳದ ಮಣ್ಣನ್ನು ಒಂದು ಹಿಡಿ ತೆಗೆದು, ನೀರು ಚಿಮುಕಿಸಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ರಿಬ್ಬನ್ನಿನಂತೆ ಹೊರಗೆ ತಳ್ಳಿ. 5 ಸೆಂ.ಮೀ. ದಾಟಿಯೂ ತುಂಡಾಗದೆ ಬಂದರೆ ಜೇಡಿ ಹೆಚ್ಚು. ಉಂಡೆಯೇ ಕಟ್ಟದೆ ಉದುರಿದರೆ ಮರಳು. ಊದುವ ಗುಣ ನೋಡಲು ಪ್ರಯೋಗಶಾಲೆಯಲ್ಲಿ ಒಂದೇ ತೂಕದ ಒಣಮಣ್ಣನ್ನು ಎರಡು ಅಳತೆ ಗಾಜಿನಲ್ಲಿ ಹಾಕಿ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಊದದು. ಎರಡರ ಎತ್ತರದ ಅಂತರವೇ ಊತದ ಅಳತೆ.

ಇನ್ನು ತುಂಬಿಸಿದ ಮಣ್ಣು. ಹಳ್ಳ, ಹಳೆಯ ಬಾವಿ, ಕ್ವಾರಿ ಮುಚ್ಚಿ ಮಾಡಿದ ಜಾಗದಲ್ಲಿ ಮನೆಯ ಅರ್ಧ ಗಟ್ಟಿನೆಲದ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ ನಿಂತಿದ್ದರೆ ಬಿರುಕು ಆ ಗಡಿಯ ಮೇಲೇ ಹಾಯುತ್ತದೆ. ಹಳೆಯ ನೆರೆಹೊರೆಯವರನ್ನು ಕೇಳಿ, ದಾಖಲೆಗಿಂತ ಅವರ ನೆನಪು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದೊಡ್ಡ ಮರ ಜೇಡಿಮಣ್ಣಿನಿಂದ ನೀರು ಹೀರಿ ಆ ಭಾಗವನ್ನು ಕುಗ್ಗಿಸುತ್ತದೆ. ಬಲಿತ ಮರದ ಎತ್ತರದಷ್ಟು ದೂರ ಮನೆ ಇರಲಿ ಎನ್ನುವುದು ಸಾಮಾನ್ಯ ಎಚ್ಚರ. ಹಾಗೆಂದು ಕೊಡಲಿ ಎತ್ತಬೇಡಿ. ಮನೆಗಿಂತ ಹಳೆಯ ಮರವನ್ನು ದಿಢೀರನೆ ಕಡಿದರೆ ಒಣಗಿ ಕುಗ್ಗಿದ್ದ ಮಣ್ಣು ವರ್ಷಗಟ್ಟಲೆ ನೀರು ಕುಡಿಯುತ್ತ ಊದಿ ಪಾಯವನ್ನು ಮೇಲೆತ್ತುತ್ತದೆ. ಇಳಿಯುವುದಕ್ಕಿಂತ ಮೇಲೇಳುವ ಪಾಯದ ಜೊತೆ ಹೆಣಗುವುದು ಕಷ್ಟ. ಕೊಂಬೆ ಸವರಿಸಿ, ಬೇರು ತಡೆಯುವ ಗೋಡೆ ಹಾಕಿಸುವ ಬಗ್ಗೆ ಮೊದಲು ವಿಚಾರಿಸಿ.

ಅಗೆತದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಗೋಡೆಗೆ ಅಂಟಿಕೊಂಡು ಸಂಪು ಅಗೆಸುವುದು, ಪಾಯದ ತಳಕ್ಕಿಂತ ಆಳಕ್ಕೆ ಪೈಪಿನ ಕಾಲುವೆ ತೋಡುವುದು ಆತ್ಮಹತ್ಯೆಗೆ ಸಮ. ಪಾಯದ ತಳದ ಅಂಚಿನಿಂದ 45 ಡಿಗ್ರಿಯಲ್ಲಿ ಕೆಳಗೆ ಒಂದು ಓರೆಗೆರೆ ಊಹಿಸಿಕೊಳ್ಳಿ. ಗುಂಡಿ ಆ ಗೆರೆಯ ಒಳಗೆ ಬರಬಾರದು. ಅಂದರೆ ಪಾಯದ ತಳಕ್ಕಿಂತ 1 ಮೀಟರ್ ಆಳಕ್ಕೆ ಹೋಗಬೇಕಾದರೆ ಕನಿಷ್ಠ 1 ಮೀಟರ್ ದೂರ. ಸಡಿಲ ಮಣ್ಣಾದರೆ ಇನ್ನೂ ದೂರ. ಪಕ್ಕದ ನಿವೇಶನದಲ್ಲಿ ಬೇಸ್‌ಮೆಂಟಿಗೆ ಅಗೆಯುತ್ತಿದ್ದಾರೆ ಎಂದು ಗೊತ್ತಾದ ದಿನವೇ ನಿಮ್ಮ ಗೋಡೆಗಳ ಫೋಟೋ ತಾರೀಖಿನ ಸಮೇತ ತೆಗೆದಿಡಿ.

ಹಂತ 5: ಯಾರನ್ನು ಕರೆಯುವುದು, ಏನು ಕೇಳುವುದು

ದುರಸ್ತಿ ಮಾರುವವರನ್ನು ಮೊದಲು ಕರೆಯಬೇಡಿ. ಕೈಯಲ್ಲಿ ಸುತ್ತಿಗೆ ಇದ್ದವರಿಗೆ ಕಂಡದ್ದೆಲ್ಲ ಮೊಳೆ. ದುರಸ್ತಿಯ ಗುತ್ತಿಗೆಯಲ್ಲಿ ಪಾಲಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದು ನಿಮ್ಮ ಅಳತೆಯ ಪುಸ್ತಕವನ್ನು ಅವರ ಮುಂದಿಡಿ. ಅವರು ಪಾಯದ ಪಕ್ಕ ಒಂದು ಪರೀಕ್ಷಾ ಗುಂಡಿ ತೋಡಿಸಿ ಪಾಯ ಎಷ್ಟು ಆಳ, ಎಷ್ಟು ಅಗಲ, ಯಾವ ಮಣ್ಣಿನ ಮೇಲೆ ಕೂತಿದೆ ಎಂದು ಕಣ್ಣಾರೆ ನೋಡಬೇಕು. ಗುಂಡಿ ನೋಡದೆ ಪಾಯದ ಚಿಕಿತ್ಸೆ ಬರೆದುಕೊಟ್ಟವರ ಮಾತನ್ನು ನಾನು ನಂಬುವುದಿಲ್ಲ.

ದೊಡ್ಡ ಕೆಲಸವಾದರೆ ಬೋರ್ ಹಾಕಿ ಮಣ್ಣಿನ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ ‘ಎನ್’ ಎಂಬ ಅಂಕಿ ಕಾಣುತ್ತದೆ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿದಾಗ ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂಬುದೇ ಆ ಅಂಕಿ. ಕಡಿಮೆ ಇದ್ದಷ್ಟೂ ಮಣ್ಣು ಮೆತ್ತಗೆ. ಯಾವ ಆಳದಲ್ಲಿ ಅಂಕಿ ಏರುತ್ತದೆ ಎಂದು ನೋಡಿ, ನಿಮ್ಮ ಪಾಯ ತಲುಪಬೇಕಾದ್ದು ಅಲ್ಲಿಗೆ.

ಹಂತ 6: ದುರಸ್ತಿ

*ನೀರಿನಿಂದ ಶುರು.* ತಾರಸಿಯ ಪೈಪುಗಳನ್ನು ಗೋಡೆಯಿಂದ ದೂರದ ಚರಂಡಿಗೆ ಸೇರಿಸಿ. ಸೋರುವ ಪೈಪು ಬದಲಿಸಿ. ಮನೆಯ ಸುತ್ತಲ ಮಣ್ಣು ಮೊದಲ 3 ಮೀಟರಿನಲ್ಲಿ 15 ಸೆಂ.ಮೀ. ಇಳಿಯುವಂತೆ ಹೊರಕ್ಕೆ ಇಳಿಜಾರು ಕೊಡಿ. ಪ್ಲಿಂತಿಗೆ ಹೊಂದಿಕೊಂಡು ಸುಮಾರು 1 ಮೀಟರ್ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಅದು ಹೊರಅಂಚಿಗೆ ಕನಿಷ್ಠ 2 ಸೆಂ.ಮೀ. ತಗ್ಗಿರಲಿ. ಪ್ಲಿಂತಿಗೂ ಪಟ್ಟಿಗೂ ನಡುವಿನ ಸಂದಿಗೆ ಸಿಮೆಂಟಲ್ಲ, ರಬ್ಬರಿನಂತೆ ಎಳೆಯುವ ಸೀಲೆಂಟ್ ತುಂಬಿಸಿ. ಗೋಡೆಗೆ ತಾಗಿದ ಹೂಪಾತಿ ಇದ್ದರೆ ಅದನ್ನು ಕಾಂಪೌಂಡಿನ ಕಡೆಗೆ ಸರಿಸಿ. ಜೇಡಿಮಣ್ಣಿನಲ್ಲಿ ಈ ಪಟ್ಟಿಯ ಉಪಕಾರ ಎರಡು ಪಟ್ಟು: ಮಳೆಗಾಲದ ನೀರನ್ನು ತಡೆಯುತ್ತದೆ, ಬೇಸಿಗೆಯಲ್ಲಿ ಅಂಚು ಒಣಗುವುದನ್ನೂ ತಗ್ಗಿಸುತ್ತದೆ. ಇಷ್ಟು ಮಾಡಿ ಇನ್ನೊಂದು ವರ್ಷ ಅಳೆಯಿರಿ. ಎಷ್ಟೋ ಮನೆಗಳ ದುರಸ್ತಿ ಇಲ್ಲಿಗೇ ಮುಗಿಯುತ್ತದೆ.

*ಅಂಡರ್‌ಪಿನ್ನಿಂಗ್.* ನೀರು ಸರಿಯಾದ ಮೇಲೂ ಪಾಯ ಇಳಿಯುತ್ತಿದ್ದರೆ, ಅದು ನಿಂತಿರುವ ಮಣ್ಣಿಗೇ ತ್ರಾಣವಿಲ್ಲ. ಆಗ ಹಳೆಯ ಪಾಯದಡಿ ಅಗೆದು ಗಟ್ಟಿನೆಲದವರೆಗೆ ಹೊಸ ಕಾಂಕ್ರೀಟು ಕೂರಿಸಬೇಕು. ಇದನ್ನು ಒಮ್ಮೆಲೇ ಮಾಡುವಂತಿಲ್ಲ. ಗೋಡೆಯ ಉದ್ದವನ್ನು 1ರಿಂದ 1.5 ಮೀಟರಿನ ತುಂಡುಗಳಾಗಿ ಗುರುತಿಸಿ, ಒಂದಕ್ಕೊಂದು ತಾಗದ ತುಂಡುಗಳನ್ನು ಮಾತ್ರ ಒಮ್ಮೆಗೆ ತೋಡುತ್ತಾರೆ. ಉಳಿದ ಗೋಡೆ ಅಷ್ಟು ಹೊತ್ತು ಹಳೆಯ ಮಣ್ಣಿನ ಮೇಲೇ ನಿಂತಿರುತ್ತದೆ. ತೋಡಿದ ಗುಂಡಿಯ ಬದಿಗೆ ಹಲಗೆ-ಆಸರೆ ಕೊಟ್ಟು, ತಳ ಚೊಕ್ಕಮಾಡಿ ಕಾಂಕ್ರೀಟು ಸುರಿಯುವುದು, ಆದರೆ ಹಳೆಯ ಪಾಯದ ತಳದವರೆಗಲ್ಲ. ಸುಮಾರು 75 ಮಿ.ಮೀ. ಖಾಲಿ ಬಿಡಬೇಕು. ಕಾಂಕ್ರೀಟು ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಮೇಲಿನವರೆಗೂ ಸುರಿದಿದ್ದರೆ ಆ ಕುಗ್ಗಿದ ಸಂದಿನಷ್ಟು ಮನೆ ಮತ್ತೆ ಇಳಿಯುತ್ತದೆ.

ಮಾರನೆಯ ದಿನ ಆ ಖಾಲಿ ಜಾಗಕ್ಕೆ ಒಣಗಾರೆ ತುರುಕುವ ಕೆಲಸ. ಒಂದು ಪಾಲು ಸಿಮೆಂಟು, ಮೂರು ಪಾಲು ಮರಳು, ನೀರು ಎಷ್ಟೆಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ಒಸರಬಾರದು. ಮರದ ತುಂಡು, ಸುತ್ತಿಗೆ ಹಿಡಿದು ಹಿಂಬದಿಯಿಂದ ಮುಂದಕ್ಕೆ ಬಡಿದು ಬಡಿದು ಬಿಗಿಯಬೇಕು. ಹೊರಗಿನಿಂದ ನೋಡಿದರೆ ಇದು ಇಡೀ ಕೆಲಸದಲ್ಲಿ ಅತಿ ಚಿಕ್ಕ ಭಾಗ, ಅವಸರದಲ್ಲಿ ಹಾರಿಸುವುದೂ ಇದನ್ನೇ. ಮೇಲೆ ಮೆತ್ತಿ ಒಳಗೆ ಪೊಳ್ಳು ಬಿಟ್ಟರೆ ಖರ್ಚೆಲ್ಲ ಮಣ್ಣುಪಾಲು. ಈ ಹೊತ್ತಿನಲ್ಲಿ ನೀವು ಗುಂಡಿಯ ಅಂಚಿನಲ್ಲಿ ನಿಂತಿರಿ, ಮುಚ್ಚುವ ಮೊದಲು ಪ್ರತಿ ತುಂಡಿನ ಫೋಟೋ ತೆಗೆಯಿರಿ. ಅದು ಗಟ್ಟಿಯಾದ ಮೇಲಷ್ಟೇ ಮುಂದಿನ ಗುಂಡಿ. ಕೆಲಸ ವಾರಗಟ್ಟಲೆ ಎಳೆಯುತ್ತದೆ, ಎಳೆಯಲೇಬೇಕು. ಎರಡೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರಿಗೆ ಕೈಮುಗಿಯಿರಿ.

*ಕಂಬಗಳು.* ಗಟ್ಟಿನೆಲ ತುಂಬ ಆಳದಲ್ಲಿದ್ದರೆ ಗುಂಡಿ ತೋಡುವುದು ಆಗದ ಮಾತು. ಸಣ್ಣ ವ್ಯಾಸದ ಮೈಕ್ರೋಪೈಲ್ (ನೆಲದೊಳಗೆ ಇಳಿಸುವ ಕಂಬ) ಕೊರೆದು ಅಥವಾ ಉಕ್ಕಿನ ಕೊಳವೆ ಒತ್ತಿ ಇಳಿಸಿ, ಅದರ ತಲೆಯನ್ನು ಪಾಯಕ್ಕೆ ಬ್ರಾಕೆಟ್ಟಿನಿಂದ ಅಥವಾ ಬೀಮಿನಿಂದ ಕಟ್ಟುತ್ತಾರೆ. ಹೊಸ ಮನೆ ಕಟ್ಟುವವರಿಗೊಂದು ಮಾತು: ಎರೆಮಣ್ಣಿಗೆಂದೇ ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿ ಜನಪ್ರಿಯಗೊಳಿಸಿತು. ಆಳವಾದ ಎರೆಯಲ್ಲಿ ಅದು ಕನಿಷ್ಠ 3.5 ಮೀಟರ್ ಇಳಿಯಬೇಕು, ಋತುಮಾನದ ಊತ-ಕುಗ್ಗು ತಲುಪದ ಆಳಕ್ಕೆ. ಆಮೇಲೆ ದುರಸ್ತಿ ಮಾಡುವುದಕ್ಕಿಂತ ಮೊದಲೇ ಇದನ್ನು ಹಾಕಿಸುವುದು ಎಷ್ಟೋ ಹಗುರ.

*ಗ್ರೌಟು, ರೆಸಿನ್.* ನೆಲದಡಿ ಪೊಳ್ಳು ಬಿದ್ದಿದ್ದರೆ ತೂತು ಕೊರೆದು ಸಿಮೆಂಟಿನ ಗ್ರೌಟು (ಹರಿಯುವ ತೆಳು ಗಾರೆ) ಅಥವಾ ಉಬ್ಬುವ ರೆಸಿನ್ (ಗಟ್ಟಿಯಾಗುವ ರಾಸಾಯನಿಕ ಅಂಟು) ಒತ್ತಿ ತುಂಬುತ್ತಾರೆ. ಮರಳುಮಣ್ಣಿಗೆ, ಕುಸಿದ ನೆಲಹಾಸಿಗೆ ಒಳ್ಳೆಯದು. ಊದಿ ಕುಗ್ಗುವ ಜೇಡಿಗೆ ಇದೊಂದನ್ನೇ ನಂಬಿ ಕೂರಬೇಡಿ.

ಇಳಿದದ್ದನ್ನು ಮತ್ತೆ ಮೊದಲಿನ ಮಟ್ಟಕ್ಕೆ ಎತ್ತಬೇಕೇ? ಬಹಳ ಸಲ ಬೇಡ. ಇಳಿಯುವುದನ್ನು ನಿಲ್ಲಿಸಿದರೆ ಸಾಕು. ಎತ್ತುವಾಗ ಹಳೆಯ ಬಿರುಕು ಮುಚ್ಚಿ ಹೊಸದು ತೆರೆಯುವುದುಂಟು. 1173ರಲ್ಲಿ ಕಟ್ಟಲು ಶುರುಮಾಡಿದ ಪೀಸಾದ ಗೋಪುರವನ್ನು 1990ರಲ್ಲಿ ಮುಚ್ಚಿದಾಗ ಎಂಜಿನಿಯರುಗಳು ವಾಲಿದ ಬದಿಯನ್ನು ಎತ್ತಲು ಹೋಗಲಿಲ್ಲ. ಎತ್ತರದ ಬದಿಯ ಅಡಿಯಿಂದ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆದರು. ಗೋಪುರ ಸುಮಾರು 45 ಸೆಂ.ಮೀ. ಹಿಂದಕ್ಕೆ ಬಂತು, 2001ರಲ್ಲಿ ಮತ್ತೆ ಬಾಗಿಲು ತೆರೆಯಿತು. ಪೂರ್ತಿ ನೆಟ್ಟಗೆ ಮಾಡುವ ಯೋಚನೆ ಅವರಿಗಿರಲಿಲ್ಲ.

ಹಂತ 7: ಕೊನೆಗೆ ಬಿರುಕು ಮುಚ್ಚುವುದು

ಅಳತೆ ಒಂದು ವರ್ಷ ನಿಂತಲ್ಲೇ ನಿಂತಿದ್ದರೆ ಈಗ ಕರಣೆ ಹಿಡಿಯಬಹುದು. 5 ಮಿ.ಮೀ.ಗಿಂತ ಕಡಿಮೆಯ ಸತ್ತ ಬಿರುಕಿಗೆ ಪ್ಲಾಸ್ಟರನ್ನು ಎರಡೂ ಬದಿ ಒಂದೊಂದು ಗೇಣು ಕೆತ್ತಿ, ದೂಳು ಊದಿ, ಒದ್ದೆಮಾಡಿ, ಕುಗ್ಗದ ಗಾರೆ ತುಂಬಿ, ಮೇಲೆ ಜಾಲರಿ ಬಿಗಿದು ಮತ್ತೆ ಪ್ಲಾಸ್ಟರು. ಅದಕ್ಕಿಂತ ದೊಡ್ಡದಕ್ಕೆ ಹೊಲಿಗೆ ಬೇಕು: ಇಟ್ಟಿಗೆಯ ಅಡ್ಡಸಂದನ್ನು ಬಿರುಕಿನ ಆಚೀಚೆ ಅರ್ಧರ್ಧ ಮೀಟರ್ ಕೊರೆದು, 6 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನ ತಿರುಚಿದ ಕಂಬಿಯನ್ನು ಗ್ರೌಟಿನಲ್ಲಿ ಕೂರಿಸುವುದು, ಹೀಗೆ ನಾಲ್ಕಾರು ವರಸೆಗೊಂದು. ಸಾದಾ ಕಬ್ಬಿಣದ ಕಂಬಿ ಬೇಡ. ತುಕ್ಕು ಹಿಡಿದರೆ ಅದು ಉಬ್ಬಿ ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ.

ಋತುವಿಗೆ ತಕ್ಕಂತೆ ಅರ್ಧ-ಒಂದು ಮಿ.ಮೀ. ಆಡುತ್ತಲೇ ಇರುವ ಬಿರುಕಿಗೆ ಗಟ್ಟಿ ಗಾರೆ ಹಾಕಬೇಡಿ. ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಿ. ಬಿರುಕು ತೀರ ತೆರೆದಿರುವಾಗಲೂ ಅಲ್ಲ, ತೀರ ಮುಚ್ಚಿರುವಾಗಲೂ ಅಲ್ಲ, ನಡುವಿನ ತಿಂಗಳಲ್ಲಿ.

ಅಂಡರ್‌ಪಿನ್ನಿಂಗ್ ಮಾಡಿಸಿದ್ದರೆ ಸ್ಕ್ರೂಗಳನ್ನು ಕಿತ್ತು ಎಸೆಯಬೇಡಿ. ಗಟ್ಟಿಯಾದ ಭಾಗ ಅಲುಗದೆ ನಿಂತು ಉಳಿದ ಭಾಗ ಎಂದಿನಂತೆ ಆಡುತ್ತಿದ್ದರೆ ಎರಡರ ಗಡಿಯಲ್ಲಿ ಹೊಸ ಬಿರುಕು ಬರಬಹುದು. ಮೊದಲ ಎರಡು ವರ್ಷ ಕಣ್ಣಿಟ್ಟಿರಿ.

ನಮ್ಮ ಹಿಂಬದಿ ಕೋಣೆಗೆ ಕೊನೆಗೆ ಬೇಕಾದದ್ದು ಎರಡು ಉದ್ದ ಪೈಪು, ಒಂದು ಮೊಣಕೈ ಜಾಯಿಂಟು, ಪ್ಲಿಂತಿನ ಬುಡಕ್ಕೆ ಒಂದು ಕಾಂಕ್ರೀಟ್ ಪಟ್ಟಿ. ನಾನು ತುಂಬಿದ್ದ ಸಿಮೆಂಟನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯುವುದಕ್ಕೇ ಎರಡು ದಿನ ಹಿಡಿಯಿತು. ಮೊದಲು ವರ್ಷಕ್ಕೆ 3 ಮಿ.ಮೀ. ಆಡುತ್ತಿದ್ದ ಬಿರುಕು ಮರುವರ್ಷ ಅರ್ಧ ಮಿ.ಮೀ.ಗೆ ಬಂತು. ಸೀಲೆಂಟ್ ತುಂಬಿ ಬಣ್ಣ ಬಳಿದೆವು. ಸ್ಕ್ರೂಗಳು ಮಾತ್ರ ಇನ್ನೂ ಗೋಡೆಯಲ್ಲೇ ಇವೆ, ಒಂದಕ್ಕೆ ಯಾರೋ ಕ್ಯಾಲೆಂಡರ್ ತೂಗುಹಾಕಿದ್ದಾರೆ.